ಎಡತೊಡೆಯ ಕಾವಲು

ಈರುಳ್ಳಿ ಆರಿಸುತ್ತ ನಿಂತಿದ್ದಾಗ ದೊಡ್ಡ ಸಿಸ್ಟರಿಗೆ, ಅಳು ಮೂರೇ ಇತ್ತಲ್ಲ, ಅನ್ನಿಸಿತು. ನಾಲ್ಕಿರಬೇಕಿತ್ತು. ಎರಡು ಮಕ್ಕಳು, ಒಂದೊಂದಕ್ಕೆ ಎರಡೆರಡು ಸೂಜಿ, ಅಲ್ಲಿಗೆ ನಾಲ್ಕು ಅಳು. ಹೆರಿಗೆ ವಾರ್ಡಿನಲ್ಲಿ ಇಪ್ಪತ್ತಾರು ವರ್ಷ ಕಳೆದವಳು ಮಕ್ಕಳ ಅಳು ಎಣಿಸುತ್ತ ಕೂರುವುದಿಲ್ಲ; ಬಡಗಿ ಸುತ್ತಿಗೆಯ ಏಟು ಎಣಿಸುತ್ತಾನೆಯೇ? ಆದರೆ ಕಿವಿ ಅವಳನ್ನು ಕೇಳದೆ ತನ್ನ ಪಾಡಿಗೆ ಎಣಿಸಿಟ್ಟುಕೊಂಡಿತ್ತು, ಈಗ ಮಧ್ಯಾಹ್ನ ಮೂರೂವರೆಗೆ, ಡ್ಯೂಟಿ ಮುಗಿದು ಒಂದೂವರೆ ಗಂಟೆಯಾದ ಮೇಲೆ, ತರಕಾರಿ ಅಂಗಡಿಯ ಎದುರು ಅದನ್ನು ತಂದು ಮುಂದಿಟ್ಟಿತ್ತು. ಬಲತೊಡೆ, ಒಂದು ಅಳು. ಇನ್ನೊಂದರ ಬಲತೊಡೆ, ಇನ್ನೊಂದು ಅಳು. ಮೊದಲನೆಯದರ ಎಡತೊಡೆ, ಅದು ದೊಡ್ಡ ಅಳು, ಮುಖವೆಲ್ಲ ಕೆಂಪಾಗಿತ್ತು. ಆಮೇಲೆ? "ಅಕ್ಕ, ಅದನ್ನೇ ಎಷ್ಟು ಹೊತ್ತು ನೋಡ್ತೀರಿ, ಅದೇನು ಮಾತಾಡಲ್ಲ," ಅಂದ ಅಂಗಡಿಯವನು. ಅವಳು ಕೈಯಲ್ಲಿದ್ದ ಗಡ್ಡೆಯನ್ನು ಬುಟ್ಟಿಗೆ ಹಾಕಿ, ಮತ್ತೆ ತೆಗೆದು, ಏನೂ ಕೊಳ್ಳದೆ ಹೊರಟಳು.

ಬೆಳಿಗ್ಗೆ ಒಂಬತ್ತೂ ನಲವತ್ತಕ್ಕೆ ಮೊದಲನೆಯದು, ಹನ್ನೆರಡು ನಿಮಿಷ ಬಿಟ್ಟು ಎರಡನೆಯದು. ಎರಡೂ ಹೆಣ್ಣು. ತಾಯಿ ಬಸ್ಸು ಓಡಿಸುವವಳು, ಆದ್ದರಿಂದ ವಾರ್ಡಿನಲ್ಲಿ ಎಲ್ಲರಿಗೂ ಅವಳು ಡ್ರೈವರಮ್ಮ. ಅವಳ ರಕ್ತದಲ್ಲಿ ಹೆಪಟೈಟಿಸ್ ಬಿ ಇದೆ ಎಂದು ಐದನೆಯ ತಿಂಗಳಲ್ಲೇ ಗೊತ್ತಾಗಿತ್ತು. ಅವಳಿಗೇನೂ ತೊಂದರೆಯಿಲ್ಲ, ಗಟ್ಟಿಮುಟ್ಟಾಗಿದ್ದಾಳೆ. ಆದರೆ ಹೆರಿಗೆಯ ಹೊತ್ತಿನಲ್ಲಿ ಅದು ತಾಯಿಯಿಂದ ಮಗುವಿಗೆ ದಾಟುತ್ತದೆ, ಹುಟ್ಟುತ್ತಲೇ ದಾಟಿಸಿಕೊಂಡ ಮಗುವನ್ನು ಸಾಮಾನ್ಯವಾಗಿ ಬಿಡುವುದಿಲ್ಲ, ಮೂವತ್ತು ವರ್ಷ ಸದ್ದಿಲ್ಲದೆ ಯಕೃತ್ತಿನಲ್ಲಿ ಕೂತು ಆಮೇಲೆ ತಿನ್ನತೊಡಗುತ್ತದೆ. ತಡೆಯಲು ಹನ್ನೆರಡು ಗಂಟೆಯೊಳಗೆ ಎರಡು ಸೂಜಿ. ದೊಡ್ಡ ಸಿಸ್ಟರ್ ಎಷ್ಟೋ ತಾಯಂದಿರಿಗೆ ಇದನ್ನು ತನ್ನದೇ ರೀತಿಯಲ್ಲಿ ಹೇಳಿಕೊಟ್ಟಿದ್ದಾಳೆ: "ಬಲತೊಡೆಗೆ ಲಸಿಕೆ, ಅದು ಮೇಷ್ಟ್ರು. ಮೈಗೆ ಹೊಡೆದಾಡೋದು ಕಲಿಸುತ್ತೆ, ಆದ್ರೆ ಕಲಿಸೋಕೆ ವಾರಗಟ್ಟಲೆ ಬೇಕು. ಎಡತೊಡೆಗೆ ಬೇರೆಯವರ ರಕ್ತದಿಂದ ತೆಗೆದ ಸಿದ್ಧ ಔಷಧಿ, ಅದು ಬಾಡಿಗೆ ಕಾವಲು. ಮೇಷ್ಟ್ರ ಪಾಠ ಮುಗಿಯೋ ತನಕ ಬಾಗಿಲು ಕಾಯುತ್ತೆ." ಹಾಗಾಗಿ ವಾರ್ಡಿನಲ್ಲಿ ಆ ಎರಡು ಸೂಜಿಗಳ ಉದ್ದದ ಹೆಸರು ಮರೆತೇಹೋಗಿತ್ತು. ಮಕ್ಕಳ ಡಾಕ್ಟರೂ ಕೂಡ, "ಮೇಷ್ಟ್ರಾಯ್ತಾ? ಕಾವಲಾಯ್ತಾ?" ಅಂತಲೇ ಕೇಳುತ್ತಿದ್ದರು. ಇವತ್ತೂ ಕೇಳಿದ್ದರು. ಆಯ್ತು ಅಂದಿದ್ದಳು. ಸುಳ್ಳು ಹೇಳುತ್ತಿದ್ದೇನೆ ಎಂಬ ಅನುಮಾನ ಆಗ ಎಳ್ಳಷ್ಟೂ ಇರಲಿಲ್ಲ.

ಸಹಿ ನೋಡಿಯೇ ಹಾಗೆ ಹೇಳಿದ್ದು. ಅದೇ ಈಗ ನುಂಗಲಾರದ ತುತ್ತಾಗಿದ್ದುದು. ಸೂಜಿ ಹಾಕಿದ ಮೇಲೆ ಸಹಿ ಎನ್ನುವುದು ನಿಯಮ. ಮೊದಲು ಸಹಿ, ಆಮೇಲೆ ಸೂಜಿ ಎನ್ನುವುದು ದೊಡ್ಡ ಸಿಸ್ಟರ ಪದ್ಧತಿ. ಕೈಗವಸು ಹಾಕಿಕೊಂಡ ಮೇಲೆ ಪೆನ್ನು ಹುಡುಕುವುದಕ್ಕಾಗುವುದಿಲ್ಲ, ಕೈಗವಸು ತೆಗೆಯುವ ಹೊತ್ತಿಗೆ ಇನ್ನೊಬ್ಬಳಿಗೆ ನೋವು ಶುರುವಾಗಿರುತ್ತದೆ, ಸಹಿ ಉಳಿದೇಹೋಗುತ್ತದೆ; ಬರೆದುಬಿಟ್ಟರೆ ಮಾಡಲೇಬೇಕಾಗುತ್ತದೆ, ಅದೇ ಒಳ್ಳೆಯದು, ಎಂದು ಹೊಸ ಹುಡುಗಿಯರಿಗೂ ಕಲಿಸಿದ್ದಳು. ಇವತ್ತು ಹನ್ನೊಂದು ಗಂಟೆಗೆ ನಾಲ್ಕು ಚೌಕದಲ್ಲಿ ನಾಲ್ಕು ಸಹಿ ಹಾಕಿ, ಇಬ್ಬರಿಗೂ ಮೇಷ್ಟ್ರು, ಮೊದಲನೆಯದಕ್ಕೆ ಕಾವಲು, ಅಷ್ಟರಲ್ಲಿ ಮೂರನೆಯ ಮಂಚದವಳಿಗೆ ರಕ್ತ ಹರಿಯತೊಡಗಿತು. ಪಟಪಟ ಎಂದು ಮಾತಾಡುವುದರಿಂದ ಪಟಪಟ ಎಂದೇ ಕರೆಸಿಕೊಳ್ಳುವ ಸಣ್ಣ ಸಿಸ್ಟರ್, ಆಗ ಮಾತೇ ಹೊರಡದೆ ಕೈಸನ್ನೆ ಮಾಡಿದ್ದಳು. ನಲವತ್ತು ನಿಮಿಷ. ಆ ಹೆಂಗಸು ಉಳಿದಳು. ಕೈ ತೊಳೆದು ಬಂದು ನೋಡಿದರೆ ಟ್ರೇ ಇರಲಿಲ್ಲ, ಯಾರೋ ಎತ್ತಿ ಸೂಜಿಗಳನ್ನೆಲ್ಲ ಬಿಸಾಡಿದ್ದರು. ಪುಸ್ತಕದಲ್ಲಿ ತನ್ನದೇ ಕೈಬರಹದಲ್ಲಿ ನಾಲ್ಕು ಸಹಿ. ತನ್ನ ಸಹಿಯನ್ನು ತಾನೇ ನಂಬದಿರುವುದಕ್ಕೆ ಆಗ ಯಾವ ಕಾರಣವೂ ಇರಲಿಲ್ಲ.

ನಡೆಯುತ್ತ ನಡೆಯುತ್ತ ಅವಳು ತನಗೇ ವಕೀಲಿ ಮಾಡಿಕೊಂಡಳು. ಚುಚ್ಚಿಯೇ ಇರಬೇಕು. ಕೈಸನ್ನೆ ಕಂಡ ಮೇಲೆ ಓಡುವ ಮುಂಚೆ ಚುಚ್ಚಿದ್ದಿರಬಹುದು, ಕೈಗೆ ಅಭ್ಯಾಸವಾಗಿದೆ, ಕೈ ತಾನಾಗಿ ಮಾಡಿಬಿಡುತ್ತದೆ. ಎಲ್ಲ ಮಕ್ಕಳೂ ಅಳಬೇಕು ಅಂತೇನಿಲ್ಲ. ಚುಚ್ಚದೇ ಇದ್ದರೂ ಮೇಷ್ಟ್ರು ಒಬ್ಬನೇ ಮುಕ್ಕಾಲುಪಾಲು ಕೆಲಸ ಮಾಡುತ್ತಾನೆ. ಮುಕ್ಕಾಲುಪಾಲು ಎಂಬ ಮಾತು ಬಂದ ಕೂಡಲೇ ಉಳಿದ ಕಾಲುಪಾಲು ಯಾವ ಮಗು ಎಂದು ಯೋಚಿಸುವಂತಾಯಿತು, ಅದಕ್ಕೆ ತಮ್ಮನ ಮುಖ ಬಂತು, ಹಳದಿ ಕಣ್ಣಿನ ತಮ್ಮ, ಆಸ್ಪತ್ರೆಯ ಮಂಚದಲ್ಲಿ ಕೂತು, "ಅಕ್ಕ, ಕನ್ನಡಿ ತೆಗೆಸಿಬಿಡು, ಯಾರೋ ಅರಿಶಿನ ಬಳ್ಕೊಂಡೋನು ನನ್ನನ್ನೇ ನೋಡ್ತಾನೆ," ಎಂದು ನಗಿಸುತ್ತಿದ್ದವನು. ಮೂವತ್ತನಾಲ್ಕಕ್ಕೆ ಹೋದ. ಅವನು ಹುಟ್ಟಿದಾಗ ಈ ಸೂಜಿಗಳು ಇರಲಿಲ್ಲ, ಯಾರನ್ನೂ ದೂರುವ ಹಾಗಿರಲಿಲ್ಲ. ಒಂದೇ ಹೊಟ್ಟೆಯಲ್ಲಿ ಅವನಿಗಿಂತ ಆರು ವರ್ಷ ಮುಂಚೆ ಹುಟ್ಟಿದ ಅವಳಿಗೆ ಅದು ಬಂದಿರಲಿಲ್ಲ. ಯಾಕೆ ಎಂದು ಯಾವ ಡಾಕ್ಟರೂ ಖಚಿತವಾಗಿ ಹೇಳಲಿಲ್ಲ. ಅದಕ್ಕೂ ಅವಳಿಗೆ ಒಂದು ಬಗೆಯ ನಾಚಿಕೆಯಿತ್ತು.

ವಾರ್ಡಿಗೆ ಫೋನು ಮಾಡಬಹುದು. ಮಾಡಿದರೆ ಪಟಪಟ ಎತ್ತುತ್ತಾಳೆ, ಐದು ನಿಮಿಷದಲ್ಲಿ ಲಿಫ್ಟಿನವನಿಗೂ ಗೊತ್ತಾಗುತ್ತದೆ. ತಾನೇ ಹೋಗಿ, ಯಾರೂ ಇಲ್ಲದ ಹೊತ್ತು ನೋಡಿ, ಫ್ರಿಜ್ಜಿನಿಂದ ಒಂದು ಸೀಸೆ ತೆಗೆದು ಸದ್ದಿಲ್ಲದೆ ಚುಚ್ಚಿ ಬಂದರೆ? ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಆದರೆ ಆ ಸೀಸೆಗಳನ್ನು ಬೀಗ ಹಾಕಿ ಇಡುತ್ತಾರೆ, ಒಂದೊಂದಕ್ಕೂ ಡಾಕ್ಟರ ಚೀಟಿ ಬೇಕು, ಚೀಟಿಯಲ್ಲಿ ಯಾಕೆ ಎಂದು ಬರೆಯಬೇಕು. ಯಾಕೆ? ಯಾಕೆಂದರೆ ದೊಡ್ಡ ಸಿಸ್ಟರಿಗೆ ನೆನಪಿಲ್ಲ. ಬರುವ ವರ್ಷ ನಿವೃತ್ತಿ. ಈ ಒಂದು ವಾಕ್ಯ ಬರೆಸುವುದಕ್ಕೆ ಇಪ್ಪತ್ತಾರು ವರ್ಷ ಬೇಕಾಯಿತೇ ಎಂದು ಅವಳಿಗೆ ತನ್ನ ಮೇಲೆಯೇ ಸಿಟ್ಟು ಬಂತು.

ಮನೆಯಲ್ಲಿ ಅಮ್ಮ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತು ಒಂದು ಕಿವಿಯಲ್ಲಿ ರೇಡಿಯೋ ಕೇಳುತ್ತಿದ್ದಳು. ಇನ್ನೊಂದು ಕಿವಿ ಕೇಳುತ್ತಿರಲಿಲ್ಲ. ಈರುಳ್ಳಿ ಎಲ್ಲಿ ಅಂದಳು. ಚೆನ್ನಾಗಿರಲಿಲ್ಲ ಎಂದು ದೊಡ್ಡ ಸಿಸ್ಟರ್ ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿದಳು. ತಟ್ಟೆಗಳನ್ನು ಸೋಪು ಹಚ್ಚಿ ತಿಕ್ಕಿದಳು. ತಣ್ಣನೆಯ ನೀರು ಮೊಣಕೈವರೆಗೆ ಹತ್ತಿದಾಗ ಸ್ವಲ್ಪ ಸಮಾಧಾನವಾಯಿತು. ಇವತ್ತು ಬೇಡ, ಎಂದುಕೊಂಡಳು, ನಾಳೆ ಬೆಳಿಗ್ಗೆ ಹೋದಾಗ ಮೊದಲು ಆ ಮಗುವನ್ನು ನೋಡುತ್ತೇನೆ. ನಾಳೆ ಬೆಳಿಗ್ಗೆಗೆ ಹನ್ನೆರಡು ಗಂಟೆಯಲ್ಲ, ಇಪ್ಪತ್ತೆರಡು ಗಂಟೆಯಾಗಿರುತ್ತದೆ ಎನ್ನುವುದು ಲೆಕ್ಕ ಬಾರದವಳಿಗೆ ಗೊತ್ತಾಗದಿರಬಹುದು. ಅವಳಿಗೆ ಚೆನ್ನಾಗಿ ಗೊತ್ತಿತ್ತು.

"ಯಾರಿಗೆ ಸುಳ್ಳು ಹೇಳೋಕೆ ಹೊರಟಿದ್ದೀಯ?" ಅಮ್ಮ ಬಾಗಿಲಿನ ಚೌಕಟ್ಟು ಹಿಡಿದು ನಿಂತಿದ್ದಳು.

"ಏನಮ್ಮ?"

"ಆ ತಟ್ಟೆ ನಾನು ಮಧ್ಯಾಹ್ನವೇ ತೊಳೆದಿಟ್ಟಿದ್ದೆ. ನೀನು ಸುಳ್ಳು ಹೇಳೋ ಮುಂಚೆ ತೊಳೆದ ಪಾತ್ರೆನೇ ಮತ್ತೆ ತೊಳೀತೀಯ. ಸ್ಕೂಲಿಗೆ ಹೋಗ್ತಿದ್ದಾಗಿನಿಂದ ನೋಡ್ತಿದ್ದೀನಿ."

ದೊಡ್ಡ ಸಿಸ್ಟರ್ ನಲ್ಲಿ ನಿಲ್ಲಿಸಿದಳು. ನಗಬೇಕೆಂದುಕೊಂಡಳು, ಆಗಲಿಲ್ಲ.

"ತಮ್ಮನ ವಿಷಯ ನಾನು ಕೇಳಿದಾಗಲೂ ನೀನು ತೊಳೀತಿದ್ದೆ," ಅಂದಳು ಅಮ್ಮ. "ಅವನಿಗೆ ನನ್ನಿಂದ ಹೋಯ್ತಾ ಅಂತ ಕೇಳಿದೆ. ಹೊರಗಿನ ನೀರಿಂದ ಬಂದಿದ್ದು ಅಂತ ನೀನಂದೆ. ಇಡೀ ತೊಟ್ಟಿ ತೊಳೆದೆ ಆವತ್ತು."

"ಅಮ್ಮ."

"ಸಕ್ಕರೆ ನೋಡ್ಬೇಕು ಅಂತ ನನ್ನ ರಕ್ತ ತಗೊಂಡು ಹೋದೆ. ಸಕ್ಕರೆ ಎಷ್ಟಿತ್ತು ಅಂತ ಹೇಳಲೇ ಇಲ್ಲ. ನಾನೂ ಕೇಳಲಿಲ್ಲ."

ಹತ್ತೊಂಬತ್ತು ವರ್ಷ. ಹತ್ತೊಂಬತ್ತು ವರ್ಷ ತಾನು ಕಾಪಾಡಿಕೊಂಡು ಬಂದ ಮಾತು ಕಾಪಾಡಿದ್ದು ಯಾರನ್ನು? ಅಮ್ಮ ಆ ಭಾರವನ್ನು ಮೊದಲ ದಿನದಿಂದಲೇ ಹೊತ್ತುಕೊಂಡಿದ್ದಳು, ಮೇಲೆ ಮಗಳ ಸುಳ್ಳನ್ನೂ ಹೊತ್ತುಕೊಂಡಿದ್ದಳು, ಅದು ಮಗಳಿಗೆ ಗೊತ್ತಾಗದ ಹಾಗೆ ನಡೆದುಕೊಳ್ಳುವ ಕೆಲಸ ಬೇರೆ. ದೊಡ್ಡ ಸಿಸ್ಟರಿಗೆ ಅಳು ಬಂತು, ಒದ್ದೆ ಕೈಯಲ್ಲೇ ಅಮ್ಮನ ತೋಳು ಹಿಡಿದುಕೊಂಡಳು. ನಿನ್ನ ತಪ್ಪಲ್ಲಮ್ಮ, ಆಗ ಯಾರಿಗೂ ಗೊತ್ತಿರಲಿಲ್ಲ, ಸೂಜಿಯೇ ಇರಲಿಲ್ಲ, ಇವತ್ತು ಸೂಜಿ ಇದ್ದೂ ಒಂದು ಮಗುವಿಗೆ ಹಾಕಿದೆನೋ ಇಲ್ಲವೋ, ಅಂದಳು. ಇದು ಸುಳ್ಳಲ್ಲ ಎಂದು ಅಮ್ಮನಿಗೆ ಹೇಗೆ ಗೊತ್ತಾಗಬೇಕು ಎಂದು ಹೆದರಿಕೆಯಾಯಿತು. ಅಮ್ಮ ಅವಳ ಕೈಗಳನ್ನು ನೋಡಿದಳು, ಅವು ತೊಳೆಯುತ್ತಿರಲಿಲ್ಲ. "ಸರಿ," ಅಂದಳು. "ಈಗ ಇರೋ ಸೂಜಿಗೆ ಏನು ತೊಂದರೆಯಾಗಿದೆ? ಹೋಗು. ಈರುಳ್ಳಿ ಬರುವಾಗ ತಗೊಂಡು ಬಾ."

ಬಸ್ಸಿನಲ್ಲಿ ಕೂತಾಗ ಐದೂಕಾಲು. ಕಾಲ ಮಿಂಚಿರಲಿಲ್ಲ. ಪ್ರತಿ ನಿಲ್ದಾಣದಲ್ಲೂ ಡ್ರೈವರು ಎಡಗಡೆಯ ಕನ್ನಡಿ, ಬಲಗಡೆಯ ಕನ್ನಡಿ, ಮತ್ತೆ ಎಡಗಡೆಯದು ಎಂದು ನೋಡುವುದನ್ನು ಅವಳು ಗಮನಿಸಿದಳು. ನೋಡಿದ್ದನ್ನೇ ಮತ್ತೆ ನೋಡುತ್ತಾನೆ, ತನ್ನ ಕಣ್ಣಿನ ಮೇಲೆ ಅವನಿಗೆ ಅಷ್ಟು ಅಪನಂಬಿಕೆ. ತಾನು ಎಂದಿನಿಂದ ಇಷ್ಟು ನಂಬಿಕೆಯವಳಾದೆ? ಮೊದಲ ವರ್ಷ ಒಂದು ಸೂಜಿ ಚುಚ್ಚುವುದಕ್ಕೆ ಮುಂಚೆ ಮೂರು ಸಲ ಸೀಸೆಯ ಹೆಸರು ಓದುತ್ತಿದ್ದಳು, ಹಳೆಯ ಸಿಸ್ಟರುಗಳು, "ಪರೀಕ್ಷೆಗೆ ಓದ್ತಿದ್ದೀಯೇನೇ?" ಎಂದು ನಗುತ್ತಿದ್ದರು. ನಗಿಸಿಕೊಂಡು ನಗಿಸಿಕೊಂಡು ಒಂದು ಸಲಕ್ಕೆ ಬಂದಳು. ಆಮೇಲೆ ದೊಡ್ಡ ಸಿಸ್ಟರಾದಳು, ನಗುವವರು ಯಾರೂ ಉಳಿಯಲಿಲ್ಲ. ಆಸ್ಪತ್ರೆಯ ಗೇಟಿನವನು, "ಏನು ಸಿಸ್ಟರ್, ಏನಾದ್ರೂ ಮರೆತ್ರಾ?" ಎಂದು ಎಂದಿನಂತೆ ವಿಚಾರಿಸಿದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಅವಳು ಕೈಚೀಲ ತಡಕಿದಳು.

ವಾರ್ಡಿನಲ್ಲಿ ನೋಡಲು ಬಂದವರ ಗಲಾಟೆ. ಡ್ರೈವರಮ್ಮ ಗೋಡೆಯ ಕಡೆ ತಿರುಗಿ ಮಲಗಿದ್ದಳು, ಅವಳ ಚಿಕ್ಕಮ್ಮ ಮೊದಲನೆಯ ಮಗುವಿಗೆ ಚಮಚದಲ್ಲಿ ಡಬ್ಬಿಹಾಲು ಕುಡಿಸುತ್ತಿದ್ದಳು. ಎರಡನೆಯದು ತೊಟ್ಟಿಲಲ್ಲಿ ನಿದ್ದೆ ಮಾಡುತ್ತಿತ್ತು. ದೊಡ್ಡ ಸಿಸ್ಟರ್ ಬಟ್ಟೆ ಬಿಡಿಸಿ, ಕಾಲಿನ ಪಟ್ಟಿಯ ಮೇಲೆ ಎರಡು ಎಂದು ಬರೆದಿರುವುದನ್ನು ಓದಿ, ಮತ್ತೆ ಓದಿ, ಎಡತೊಡೆಯನ್ನು ಬೆಳಕಿಗೆ ತಿರುಗಿಸಿದಳು. ಒಂದು ಕೆಂಪು ಚುಕ್ಕೆ ಇತ್ತು. ಎದೆ ಹಗುರಾಯಿತು, ಒಂದು ಗಳಿಗೆ ಮಾತ್ರ. ಹುಟ್ಟಿದ ಕೂಡಲೇ ಎಲ್ಲ ಮಕ್ಕಳಿಗೂ ರಕ್ತ ಹೆಪ್ಪುಗಟ್ಟಿಸುವ ವಿಟಮಿನ್ನಿನ ಸೂಜಿ ಹಾಕುತ್ತಾರೆ, ಅದೂ ಎಡತೊಡೆಗೇ. ಹಾಗಾದರೆ ಕಾವಲು ಬಿದ್ದಿದ್ದರೆ ಎರಡು ಚುಕ್ಕೆ ಇರಬೇಕು. ಅವಳು ಹೋಗಿ ಚಿಕ್ಕಮ್ಮನ ತೊಡೆಯ ಮೇಲಿದ್ದ ಮೊದಲನೆಯದರ ಎಡತೊಡೆ ನೋಡಿದಳು. ಅಲ್ಲಿ ಎರಡಿರಲೇಬೇಕು, ಆ ದೊಡ್ಡ ಅಳು ಅವಳಿಗೆ ಚೆನ್ನಾಗಿ ನೆನಪಿದೆ. ಅಲ್ಲಿಯೂ ಒಂದೇ ಕಾಣುತ್ತಿತ್ತು. ಬೆಳಿಗ್ಗೆಯ ಸೂಜಿ ಸಂಜೆಗೆ ಮಾಯುತ್ತದೆ, ಅಂಥ ಎಳೆಯ ಚರ್ಮ. ಎರಡು ಬಿದ್ದ ಕಡೆಯೇ ಒಂದು ಚುಕ್ಕೆ ಕಂಡರೆ, ಇಲ್ಲಿ ಕಾಣುವ ಒಂದರಿಂದ ಬಿದ್ದದ್ದು ಎರಡೋ ಒಂದೋ ಹೇಳುವಂತಿರಲಿಲ್ಲ.

"ಏನು ಹುಡುಕ್ತಿದ್ದೀರಿ ತಾಯಿ? ಸೊಳ್ಳೆನಾ?" ಅಂದಳು ಚಿಕ್ಕಮ್ಮ.

"ಅಲ್ಲ," ಎಂದು ದೊಡ್ಡ ಸಿಸ್ಟರ್ ಬಟ್ಟೆ ಸುತ್ತಿದಳು. ಇನ್ನು ನೋಡುವುದಕ್ಕೇನೂ ಉಳಿದಿರಲಿಲ್ಲ.

ಮಕ್ಕಳ ಡಾಕ್ಟರ್ ಕೋಣೆಯಲ್ಲಿ ಬಿಸ್ಕತ್ತು ತಿನ್ನುತ್ತಿದ್ದರು. ವಯಸ್ಸಿನಲ್ಲಿ ಅವಳಿಗಿಂತ ಮೂವತ್ತು ವರ್ಷ ಚಿಕ್ಕವರು. ಅವರಿಗೆ ಮೊದಲ ಸಲ ಮಗುವಿನ ತಲೆ ಹಿಡಿಯಲು ತೋರಿಸಿಕೊಟ್ಟವಳೇ ಅವಳು. ಪಟಪಟ ಬಾಗಿಲ ಬಳಿ ಔಷಧಿ ಜೋಡಿಸುತ್ತಿದ್ದಳು, ಆಚೆ ಹೋಗುವ ಲಕ್ಷಣ ಕಾಣಲಿಲ್ಲ. ಇರಲಿ, ಎಂದುಕೊಂಡು ದೊಡ್ಡ ಸಿಸ್ಟರ್ ಹೇಳಿದಳು.

"ಡ್ರೈವರಮ್ಮನ ಎರಡನೇ ಮಗುವಿಗೆ ಕಾವಲು ಹಾಕಿದ್ದೀನೋ ಇಲ್ಲವೋ ನನಗೆ ಗೊತ್ತಿಲ್ಲ."

ಡಾಕ್ಟರ್ ಪುಸ್ತಕ ಎಳೆದುಕೊಂಡರು. "ಸಹಿ ಇದೆಯಲ್ಲ ಸಿಸ್ಟರ್?"

"ಸಹಿ ಮೊದಲೇ ಹಾಕಿದ್ದೆ."

"ಸೂಜಿ ಹಾಕೋ ಮುಂಚೆ?"

"ಯಾವಾಗಲೂ ಹಾಗೇ ಹಾಕ್ತೀನಿ."

ಡಾಕ್ಟರ ಗಲ್ಲದ ಮೇಲೆ ಬಿಸ್ಕತ್ತಿನ ಪುಡಿ ಇತ್ತು. ಒರೆಸಿಕೊಳ್ಳಿ ಎನ್ನುವ ಸಲಿಗೆ ನಿನ್ನೆಯವರೆಗೂ ಇತ್ತು, ಈಗ ಬಾಯಿ ಬರಲಿಲ್ಲ. ಪಟಪಟಳ ಕೈಯಲ್ಲಿ ಮಾತ್ರೆಯ ಹಾಳೆಗಳು ಸದ್ದು ಮಾಡುವುದನ್ನು ನಿಲ್ಲಿಸಿದ್ದವು. "ಎರಡು ಸಲ ಬಿದ್ದರೆ ಅಪಾಯವಿಲ್ಲ," ಅಂದರು ಡಾಕ್ಟರ್, ಚೀಟಿ ಬರೆಯುತ್ತ. "ಬೀಳದೇ ಇದ್ದರೆ ಅಪಾಯ. ಹಾಕಿಬಿಡೋಣ. ಪುಸ್ತಕದಲ್ಲಿ ಆ ಚೌಕ ಹೊಡೆದುಹಾಕಿ ಕಾರಣ ಬರೀರಿ. ನಾನು ಮೇಲಿನವರಿಗೆ ತಿಳಿಸಬೇಕಾಗುತ್ತೆ, ಬೇಜಾರು ಮಾಡ್ಕೋಬೇಡಿ. ತಾಯಿಗೆ ನೀವು ಹೇಳ್ತೀರೋ, ನಾನು ಹೇಳಲೋ?" ನಾನೇ ಹೇಳುತ್ತೇನೆ ಎಂದಳು. ಹೇಳಿದ ಮೇಲೆ, ನೀವೇ ಹೇಳಿ ಅಂದಿದ್ದರಾಗಿತ್ತು ಅನ್ನಿಸಿತು. ತನ್ನ ಸಹಿಯ ಮೇಲೆ ಅಡ್ಡಗೆರೆ ಎಳೆದು, ಪಕ್ಕದಲ್ಲಿ 'ಹಾಕಿದ ಬಗ್ಗೆ ಖಾತ್ರಿಯಿಲ್ಲ' ಎಂದು ಬರೆದಳು. ಅಕ್ಷರ ಎಂದಿನಂತೆ ಗುಂಡಗಿತ್ತು.

ಡ್ರೈವರಮ್ಮ ಎದ್ದು ಕೂತು ಕೇಳಿಸಿಕೊಂಡಳು. ಅಗಲವಾದ ಮುಖ, ಸ್ಟೀರಿಂಗ್ ತಿರುಗಿಸಿ ಗಟ್ಟಿಯಾದ ಮುಂಗೈ. ಚಿಕ್ಕಮ್ಮ, "ಅಯ್ಯೋ, ಈ ಮಗುವಿಗಾ?" ಎಂದು ತೊಟ್ಟಿಲಿನ ಕಡೆಗೆ ಹೋದಳು.

"ನಿಮಗೆ ನೆನಪಾಗದೇ ಇದ್ದಿದ್ರೆ?" ಅಂದಳು ಡ್ರೈವರಮ್ಮ ಕೊನೆಗೆ.

"ಯಾರಿಗೂ ಗೊತ್ತಾಗ್ತಿರಲಿಲ್ಲ."

"ನನ್ನ ಬಸ್ಸಲ್ಲಿ ಐವತ್ತು ಜನ ಇರ್ತಾರೆ. ಕನ್ನಡಿ ನೋಡದೆ ಒಂದು ಸಲ ತಿರುಗಿಸಿದ್ರೆ ನನ್ನನ್ನ ಕೆಳಗಿಳಿಸ್ತಾರೆ."

"ಹೌದು."

"ಐದನೇ ತಿಂಗಳಿಂದ ನಿದ್ದೆ ಇಲ್ಲ ನನಗೆ. ನನ್ನ ರಕ್ತ ಹೀಗಿದೆ, ಮಕ್ಕಳಿಗೆ ನಾನೇ ವಿಷ ಕೊಡ್ತೀನಾ ಅಂತ. ನೀವು ಬಂದು ಮೇಷ್ಟ್ರು, ಕಾವಲು ಅಂತೆಲ್ಲಾ ಹೇಳಿದ್ಮೇಲೆ ಇವತ್ತೇ ಸ್ವಲ್ಪ ಕಣ್ಣು ಮುಚ್ಚಿದ್ದು." ಅವಳ ದನಿ ಏರಲಿಲ್ಲ, ಏರಿದ್ದರೆ ಒಳ್ಳೆಯದಿತ್ತು. "ಸೂಜಿ ಆ ಸಣ್ಣ ಸಿಸ್ಟರ್ ಹಾಕಲಿ. ನೀವು ಬೇಡ."

ಮೂರು ಮಂಚದಾಚೆ ಕೇಳುವಷ್ಟು ಸ್ಪಷ್ಟವಾಗಿಯೇ ಹೇಳಿದಳು. ಒಬ್ಬಳು ಬಾಣಂತಿ ತಲೆಯೆತ್ತಿ ನೋಡಿ ಮತ್ತೆ ತಗ್ಗಿಸಿದಳು. ದೊಡ್ಡ ಸಿಸ್ಟರಿಗೆ ಕಿವಿ ಬಿಸಿಯಾಯಿತು. ಸರಿ ಎಂದು ಹಿಂದೆ ಸರಿದಳು. ಪಟಪಟ ಸೀಸೆ ತಂದು ಹೆಸರನ್ನು ಗಟ್ಟಿಯಾಗಿ ಓದಿದಳು, ಎರಡನೆಯ ಸಲವೂ ಓದಿದಳು. ತನ್ನನ್ನು ಅಣಕಿಸುವುದಕ್ಕಲ್ಲ, ತಪ್ಪಬಾರದೆಂಬ ಹೆದರಿಕೆಗೆ ಎಂದು ದೊಡ್ಡ ಸಿಸ್ಟರಿಗೆ ತಿಳಿಯಿತು. ಮಗುವಿನ ಕಾಲು ನಿಲ್ಲುತ್ತಿರಲಿಲ್ಲ. "ಯಾರಾದ್ರೂ ಹಿಡ್ಕೊಳ್ಳಿ," ಅಂದಳು ಪಟಪಟ. ಚಿಕ್ಕಮ್ಮ ಆಗಲೇ ಕಣ್ಣು ಮುಚ್ಚಿಕೊಂಡಿದ್ದಳು. ಡ್ರೈವರಮ್ಮ ದೊಡ್ಡ ಸಿಸ್ಟರನ್ನು ನೋಡಿ, "ಹಿಡ್ಕೊಳ್ಳಿ," ಅಂದಳು.

ಇಷ್ಟು ವರ್ಷ ಚುಚ್ಚಿದ್ದಳೇ ಹೊರತು ಚುಚ್ಚಿಸಿಕೊಳ್ಳುವ ಕಾಲನ್ನು ಸುಮ್ಮನೆ ಹಿಡಿದು ನಿಂತ ನೆನಪಿರಲಿಲ್ಲ. ಮಂಡಿ ಅವಳ ಎರಡು ಬೆರಳಿನಷ್ಟಿತ್ತು. ಬಿಸಿಯಾಗಿತ್ತು. ಒದೆಯುತ್ತಿದ್ದುದು ಅವಳ ಹೆಬ್ಬೆರಳು ತಾಗಿದ ಮೇಲೆ ನಿಧಾನವಾಯಿತು. ಈ ಮಂಡಿ ಅಂಬೆಗಾಲಿಡುತ್ತದೆ, ತರಚಿಕೊಳ್ಳುತ್ತದೆ, ಮೂವತ್ತನಾಲ್ಕು ದಾಟಬೇಕು, ಅರವತ್ತನ್ನೂ ದಾಟಬೇಕು ಎಂದುಕೊಂಡಾಗ ಅವಳಿಗೆ ಆ ಮಗುವಿನ ಮೇಲೆ ತಡೆಯಲಾರದಷ್ಟು ಪ್ರೀತಿ ಬಂತು. ಸೂಜಿ ಹೋಯಿತು. ಮಗು ಮುಖ ಹಿಂಡಿ, ತುಟಿ ಚಪ್ಪರಿಸಿ, ಅಳದೆ ಹಾಗೆಯೇ ಮಲಗಿತು. ಹಾಗಾದರೆ ಬೆಳಿಗ್ಗೆಯೂ ಹೀಗೆಯೇ ಸುಮ್ಮನಿದ್ದಿರಬಹುದೇ? ಇರಬಹುದು, ಇಲ್ಲದಿರಬಹುದು, ಅದನ್ನು ತಿಳಿಯುವ ಅಗತ್ಯ ಈಗ ಯಾರಿಗೂ ಇರಲಿಲ್ಲ. ಪಟಪಟ ಸೂಜಿ ಬಿಸಾಡಿ, ಕೈಗವಸು ತೆಗೆದು, ಆಮೇಲೆ ಪೆನ್ನು ಹುಡುಕಿದಳು.

"ಇನ್ನು ಇಬ್ಬರಿಗೂ ಬರೋದೇ ಇಲ್ವಾ?" ಡ್ರೈವರಮ್ಮ ಕೇಳಿದ್ದು ಪಟಪಟಳನ್ನಲ್ಲ.

ಬರಲ್ಲ, ಚಿಂತೆ ಬಿಡಿ. ಈ ಮಾತು ನಾಲಗೆಯ ತುದಿಯಲ್ಲಿ ಸದಾ ಸಿದ್ಧವಾಗಿರುತ್ತಿತ್ತು. ಈಗಲೂ ಇತ್ತು. "ನೂರರಲ್ಲಿ ತೊಂಬತ್ತಕ್ಕಿಂತ ಜಾಸ್ತಿ ಮಕ್ಕಳಿಗೆ ಬರಲ್ಲ," ಅಂದಳು. "ಈ ಎರಡಕ್ಕೂ ಬರಲ್ಲ ಅಂತ ನನಗೆ ಗೊತ್ತಿಲ್ಲ. ಮೇಷ್ಟ್ರ ಪಾಠ ಇನ್ನೂ ಬಾಕಿ ಇದೆ, ಒಂದನ್ನೂ ತಪ್ಪಿಸಬೇಡಿ. ಒಂಬತ್ತು ತಿಂಗಳು ತುಂಬಿದ ಮೇಲೆ ರಕ್ತ ನೋಡ್ತಾರೆ. ಆಗಲೇ ಗೊತ್ತಾಗೋದು."

ಡ್ರೈವರಮ್ಮ ಚಿಕ್ಕಮ್ಮನ ಕೈಯಲ್ಲಿದ್ದ ಚಮಚದ ಕಡೆ ನೋಡಿ, ದನಿ ತಗ್ಗಿಸಿದಳು. "ಹಾಲು ಕೊಟ್ಟಿಲ್ಲ ನಾನು. ಬೆಳಿಗ್ಗೆಯಿಂದ. ಕೊಡಬಹುದು ಅಂತ ಎಲ್ಲರೂ ಹೇಳಿದ್ರು. ಎಲ್ಲರೂ ಎಲ್ಲದಕ್ಕೂ ಏನೂ ಆಗಲ್ಲ ಏನೂ ಆಗಲ್ಲ ಅಂತಾರೆ, ಹೇಗೆ ನಂಬೋದು? ನೀವು ಹೇಳಿ. ಗೊತ್ತಿದ್ರೆ ಗೊತ್ತು ಅನ್ನಿ, ಇಲ್ಲಾಂದ್ರೆ ಇಲ್ಲ ಅನ್ನಿ."

"ಗೊತ್ತು," ಅಂದಳು ದೊಡ್ಡ ಸಿಸ್ಟರ್. "ಕೊಡಬಹುದು. ಹಾಲಿಂದ ಬರಲ್ಲ."

ಡ್ರೈವರಮ್ಮ ಅಂಗಿಯ ಗುಂಡಿಗೆ ಕೈ ಹಾಕಿದಳು. ಮೊದಲ ಹಾಲು ಜಿನುಗಿ ಅಂಗಿಯ ಮುಂಭಾಗ ಕೊಂಚ ಒದ್ದೆಯಾಗಿತ್ತು. ದೊಡ್ಡ ಸಿಸ್ಟರ್ ಎರಡನೆಯದನ್ನು ಎತ್ತಿ ಅವಳ ಮಡಿಲಿಗೆ ಕೊಟ್ಟಳು, ತಲೆಗೆ ಅಂಗೈ ಕೊಟ್ಟು ಸ್ವಲ್ಪ ಓರೆ ಮಾಡಿದಳು. ಮಗು ಕಣ್ಣು ಮುಚ್ಚಿಕೊಂಡೇ ಅತ್ತ ಇತ್ತ ಮೂತಿ ಆಡಿಸಿತು. ಒಮ್ಮೆ ತಪ್ಪಿತು, ಇನ್ನೊಮ್ಮೆ ತಪ್ಪಿತು. ಡ್ರೈವರಮ್ಮ ಹೆದರಿ ಹಿಂದಕ್ಕೆ ಸರಿಯಲು ನೋಡಿದಾಗ ದೊಡ್ಡ ಸಿಸ್ಟರ್ ಅವಳ ಬೆನ್ನಿಗೆ ಕೈಯಿಟ್ಟಳು. ಮಗು ಬಾಯಿ ಅಗಲಿಸಿ ಹಿಡಿದುಕೊಂಡಿತು.

"ಎಳೀತಿದೆ ಸಿಸ್ಟರ್," ಅಂದಳು ಡ್ರೈವರಮ್ಮ.